ಮೊದಲ ಪಾಠ ಕೆಂಪು ಗುಂಡಿ

2024ರ ಫೆಬ್ರವರಿ ತಿಂಗಳ ಒಂದು ಸಂಜೆ. ಮರುದಿನ ಶಾಲೆಯೊಂದಕ್ಕೆ ಕೊಂಡೊಯ್ಯಬೇಕಿದ್ದ ಪ್ರಯೋಗ ಪೆಟ್ಟಿಗೆಯನ್ನು ಜೋಡಿಸುತ್ತಾ ಕುಳಿತಿದ್ದೆ. ಫೋನ್ ಬಂತು.

"ಸಾರ್, ಕಂಪನಿಗೆ ಸೇರಿ ಮೂರು ದಿನ ಆಯ್ತು. ಇನ್ನೂ ಒಂದು ಮಿಷನ್ನೂ ಮುಟ್ಟಕ್ಕೆ ಬಿಟ್ಟಿಲ್ಲ. ನಿಲ್ಸೋದು ಹೆಂಗೆ ಅಂತ ಮಾತ್ರ ಹೇಳ್ಕೊಡ್ತಾ ಅವ್ರೆ."

ಫೋನ್ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ನಾಗಮಂಗಲ ತಾಲ್ಲೂಕಿನವನು. ಅವನ ಹಳ್ಳಿಯಿಂದ ಆದಿಚುಂಚನಗಿರಿ ಬೆಟ್ಟ ಕಾಣುತ್ತದೆ. ಬೆಳಿಗ್ಗೆ ಹೊತ್ತು ನವಿಲುಗಳ ಕೂಗೂ ಕೇಳುತ್ತದೆ. ಆಗ ಅವನು ಬಿ.ಜಿ. ನಗರದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯ ಕೊನೆಯ ವರ್ಷದಲ್ಲಿದ್ದ. ಈ ಪದವಿ ಓದುವವರು ಕೆಲವು ವಾರಗಳ ಕಾಲ ಒಂದು ಕಂಪನಿಯಲ್ಲಿದ್ದು ಕೆಲಸ ಕಲಿಯಬೇಕು. ಇದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಹಿಂದೆ ಕಮ್ಮಾರನ ಮಗ ಕುಲುಮೆಯ ಪಕ್ಕದಲ್ಲಿ ಕುಳಿತು ತಿದಿ ಒತ್ತುತ್ತಲೇ ಕಸುಬು ಕಲಿಯುತ್ತಿದ್ದನಲ್ಲ, ಹೆಚ್ಚು ಕಡಿಮೆ ಅದೇ ರೀತಿ. ಇವನಿಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಆಟೊಮೇಶನ್ ಕಂಪನಿಯಲ್ಲಿ ಅವಕಾಶ ಸಿಕ್ಕಿತ್ತು. ಬೇರೆ ಕಾರ್ಖಾನೆಗಳಿಗೆ ಬೇಕಾದ ಸ್ವಯಂಚಾಲಿತ ಯಂತ್ರಗಳನ್ನು ತಯಾರಿಸಿಕೊಡುವುದು ಆ ಕಂಪನಿಯ ಕೆಲಸ.

ಯಂತ್ರವನ್ನು ನಡೆಸುವುದನ್ನು ಕಲಿಯಲು ಹೋದ ಹುಡುಗನಿಗೆ ನಿಲ್ಲಿಸುವುದನ್ನೇ ಮೂರು ದಿನ ಹೇಳಿಕೊಡುತ್ತಾರಲ್ಲ ಎಂದು ನನಗೂ ಆಶ್ಚರ್ಯವಾಯಿತು. ಆದರೆ ಆ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ನಾನು ತರಗತಿಯಲ್ಲಿ ಹೇಳಿದ್ದ ಒಂದು ಮಾತನ್ನು ತಿದ್ದಿಕೊಳ್ಳಬೇಕಾಗಿ ಬಂತು. ಆ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕಪ್ಪು ಹಲಗೆಯ ಮೇಲಿನ ವಾಕ್ಯ

2014ರಲ್ಲಿ ಅವನು ಏಳನೇ ತರಗತಿಯಲ್ಲಿದ್ದ. ನಾನು ಆ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಒಂದು ದಿನ ಸುರಕ್ಷತೆಯ ಬಗ್ಗೆ ಪಾಠ ಮಾಡುವಾಗ ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆದೆ: "ಅಜಾಗರೂಕತೆಯೇ ಅಪಘಾತಕ್ಕೆ ಕಾರಣ." ಎಲ್ಲರಿಂದಲೂ ಮೂರು ಸಲ ಹೇಳಿಸಿದೆ. ಈ ಹುಡುಗ ಮಾತ್ರ ತಲೆ ತಗ್ಗಿಸಿ ಕುಳಿತಿದ್ದ. ಬಾಯಿ ತೆರೆಯಲಿಲ್ಲ.

ಕಾರಣ ತಿಳಿದದ್ದು ಕೆಲವು ತಿಂಗಳ ನಂತರ, ಪೋಷಕರ ಸಭೆಯಲ್ಲಿ. ಅವನ ತಂದೆ ಹಾಜರಿ ಪುಸ್ತಕಕ್ಕೆ ಎಡಗೈಯಲ್ಲಿ ಸಹಿ ಮಾಡಿದರು. ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ನಾಗಮಂಗಲದ ಕಡೆ ಮಳೆಯಾಶ್ರಿತ ಹೊಲಗಳೇ ಹೆಚ್ಚು. ರಾಗಿ ಕುಯ್ಲು ಮುಗಿದ ಮೇಲೆ ಅವರು ಪಾಂಡವಪುರದ ಕಡೆಯ ಆಲೆಮನೆಗಳಿಗೆ ಕೂಲಿಗೆ ಹೋಗುತ್ತಿದ್ದರು. ಗಾಣಕ್ಕೆ ಕಬ್ಬು ಕೊಡುವ ಕೆಲಸ. ಒಂದು ಬೆಳಗಿನ ಜಾವ ಕಬ್ಬಿನ ಜೊತೆಯಲ್ಲೇ ಕೈಯೂ ಉರುಳೆಗೆ ಸಿಕ್ಕಿತ್ತು.

"ನಂದೇ ತಪ್ಪು ಬುಡಿ ಸಾ. ನಿದ್ದೆಗಣ್ಣು," ಎಂದರು ಅವರು.

ನಾನು ಏನು ಹೇಳಲಿ? ತಲೆಯಾಡಿಸಿದೆ. ಕಪ್ಪು ಹಲಗೆಯ ಮೇಲೆ ನಾನು ಬರೆದ ವಾಕ್ಯವೂ ಅದನ್ನೇ ಹೇಳಿತ್ತು. ವಿಷಯ ತಿಳಿದ ಮೇಲೂ ನಾನು ತರಗತಿಗೆ ಹೋಗಿ ಆ ವಾಕ್ಯವನ್ನು ತಿದ್ದಲಿಲ್ಲ. ಅದು ಸರಿಯಾಗಿಯೇ ಇದೆ ಎಂದುಕೊಂಡಿದ್ದೆ.

ತಾನಾಗಿ ನಡೆಯುವುದು ಎಂದರೇನು?

ಈಗ ಪೀಣ್ಯಕ್ಕೆ ಬರೋಣ. ಆಟೊಮೇಶನ್ ಎಂದರೆ ಸ್ವಯಂಚಾಲನೆ. ಹೆಸರು ಹೊಸದೆನಿಸಿದರೂ ವಿಷಯ ಹೊಸದಲ್ಲ. ನಿಮ್ಮ ಶಾಲೆಯ ಮೇಲೆ ನೀರಿನ ಟ್ಯಾಂಕ್ ಇದ್ದರೆ ಅದರೊಳಗೆ ಒಂದು ಪ್ಲಾಸ್ಟಿಕ್ ಚೆಂಡು ತೇಲುತ್ತಿರಬಹುದು. ನೀರು ಏರಿದಂತೆ ಚೆಂಡೂ ಏರುತ್ತದೆ. ಚೆಂಡಿಗೆ ಜೋಡಿಸಿದ ಸರಳು ನಲ್ಲಿಯ ಬಾಯಿಯನ್ನು ಮುಚ್ಚುತ್ತದೆ. ನೀರು ಇಳಿದರೆ ಚೆಂಡು ಇಳಿದು ನಲ್ಲಿ ತೆರೆಯುತ್ತದೆ. ಯಾರೂ ಏಣಿ ಹತ್ತಿ ನೋಡಬೇಕಾಗಿಲ್ಲ.

ಇಲ್ಲಿ ಮೂರು ಕೆಲಸಗಳು ನಡೆಯುತ್ತಿವೆ. ಒಂದು, ನೀರಿನ ಮಟ್ಟ ಎಷ್ಟಿದೆ ಎಂದು ಅಳೆಯುವುದು. ಎರಡು, ಅದು ಇರಬೇಕಾದ ಮಟ್ಟವೇ ಎಂದು ಹೋಲಿಸುವುದು. ಮೂರು, ವ್ಯತ್ಯಾಸವಿದ್ದರೆ ಸರಿಪಡಿಸುವುದು. ಅಳೆ, ಹೋಲಿಸು, ಸರಿಪಡಿಸು: ಬಹಳಷ್ಟು ಸ್ವಯಂಚಾಲಿತ ಯಂತ್ರಗಳು ಮಾಡುವುದು ಇದನ್ನೇ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಅಲೆಕ್ಸಾಂಡ್ರಿಯ ನಗರದ ಟೆಸಿಬಿಯಸ್ ಎಂಬುವನು ನೀರಿನ ಗಡಿಯಾರದಲ್ಲಿ ಇಂಥದೇ ತೇಲುವ ಬೆಂಡನ್ನು ಬಳಸಿದ್ದ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರದ ವೇಗವನ್ನು ತಾನಾಗಿ ಹದ್ದುಬಸ್ತಿನಲ್ಲಿಡಲು ತಿರುಗುವ ಎರಡು ಗುಂಡುಗಳ ಗವರ್ನರ್ ಅಳವಡಿಸಿದ.

ದೂರ ಹೋಗುವುದೇಕೆ? ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಯನ್ನೇ ನೋಡಿ. 1911ರಲ್ಲಿ ಅದರ ಕೆಲಸ ಆರಂಭವಾದಾಗ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದಕ್ಕೂ ಮೊದಲು ಅವರು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಅಣೆಕಟ್ಟೆಗೆ ತಾನಾಗಿ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ, 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದ್ದರು. ಮುಂದೆ ಅಂಥ ಬಾಗಿಲುಗಳು ಕನ್ನಂಬಾಡಿಗೂ ಬಂದವು. ಪ್ರವಾಹ ಬಂದು ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಅವು ತೆರೆದು ಹೆಚ್ಚಿನ ನೀರನ್ನು ಹೊರಬಿಡುತ್ತಿದ್ದವು. ಪ್ರವಾಹ ಇಳಿದ ಮೇಲೆ ಮುಚ್ಚಿಕೊಳ್ಳುತ್ತಿದ್ದವು. ಇದಕ್ಕೆ ವಿದ್ಯುತ್ ಬೇಕಿರಲಿಲ್ಲ. ನೀರು ಏರಿದ್ದೇ ಸಂದೇಶ, ಏರಿದ ನೀರೇ ಶಕ್ತಿ.

ಇಂಥ ಬಾಗಿಲು ಏಕೆ ಬೇಕಾಯಿತು ಎಂದು ಯೋಚಿಸಿ. ಪ್ರವಾಹ ನಡುರಾತ್ರಿಯಲ್ಲೂ ಬರಬಹುದು. ಕಾವಲುಗಾರ ಎಷ್ಟೇ ಪ್ರಾಮಾಣಿಕನಾದರೂ ಅವನಿಗೂ ನಿದ್ದೆ ಬರುತ್ತದೆ, ಜ್ವರ ಬರುತ್ತದೆ. ಒಬ್ಬ ಮನುಷ್ಯನ ಎಚ್ಚರದ ಮೇಲೆ ಇಡೀ ಕಟ್ಟೆಯ ಕ್ಷೇಮವನ್ನು ಹೊರಿಸಬಾರದು. ಈ ಮಾತನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಆದರೆ ಆಲೆಮನೆಯ ಗಾಣಕ್ಕೆ ಅದನ್ನು ಅನ್ವಯಿಸಿ ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಪೀಣ್ಯದಲ್ಲಿ ಕಂಡದ್ದು

ಮೊದಲ ವಾರದ ಕೊನೆಗೆ ಅವನು ಮತ್ತೆ ಫೋನ್ ಮಾಡಿದ. ಈಗ ದನಿಯಲ್ಲಿ ಉತ್ಸಾಹವಿತ್ತು. ಅಲ್ಲಿನ ಯಂತ್ರಗಳ ಬಗ್ಗೆ ಹೇಳತೊಡಗಿದ.

ಯಂತ್ರಕ್ಕೆ ಕಣ್ಣು ಕಿವಿಗಳಂತೆ ಸೆನ್ಸರ್‌ಗಳು, ಅಂದರೆ ಸಂವೇದಕಗಳು ಇರುತ್ತವೆ. ಒಂದು ಬಗೆಯ ಸೆನ್ಸರ್ ಲೋಹ ಹತ್ತಿರ ಬಂದರೆ ತಿಳಿಸುತ್ತದೆ. ಇನ್ನೊಂದು ಬಗೆಯದು ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ತಿಳಿಸುತ್ತದೆ. ಯಂತ್ರದ ಕೈಗಳಂತೆ ಕೆಲಸ ಮಾಡುವುದು ಮೋಟಾರುಗಳು ಮತ್ತು ಒತ್ತಿದ ಗಾಳಿಯಿಂದ ಮುಂದೆ ಹಿಂದೆ ಚಲಿಸುವ ಸಿಲಿಂಡರುಗಳು. ಸೈಕಲ್ ಪಂಪನ್ನು ತಿರುವುಮುರುವು ಮಾಡಿದಂತೆ: ಪಂಪಿನಲ್ಲಿ ಹಿಡಿ ಒತ್ತಿದರೆ ಗಾಳಿ ಬರುತ್ತದೆ, ಇಲ್ಲಿ ಗಾಳಿ ಬಿಟ್ಟರೆ ಹಿಡಿ ಚಲಿಸುತ್ತದೆ.

ಇವೆರಡರ ನಡುವೆ ತೀರ್ಮಾನ ಮಾಡುವುದು ಪಿ.ಎಲ್.ಸಿ. ಎಂಬ ಚಿಕ್ಕ ಪೆಟ್ಟಿಗೆ. ಇದು ಕಾರ್ಖಾನೆಯ ಧೂಳು ಮತ್ತು ಕಂಪನವನ್ನು ತಡೆದುಕೊಳ್ಳುವಂತೆ ಮಾಡಿದ ಒಂದು ಕಂಪ್ಯೂಟರ್. ಅಮೆರಿಕದ ಡಿಕ್ ಮಾರ್ಲಿ ಮತ್ತು ಸಂಗಡಿಗರು 1968ರಲ್ಲಿ ಇದರ ಕಲ್ಪನೆಯನ್ನು ರೂಪಿಸಿದರು. ಅದಕ್ಕೆ ಮೊದಲು ಕಾರು ಕಾರ್ಖಾನೆಗಳಲ್ಲಿ ಬೀರುಗಳ ತುಂಬ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳಿರುತ್ತಿದ್ದವು. ಕಾರಿನ ಮಾದರಿ ಬದಲಾದಾಗಲೆಲ್ಲ ಆ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗಿತ್ತು. ಪಿ.ಎಲ್.ಸಿ. ಬಂದ ಮೇಲೆ ತಂತಿಯ ಬದಲು ಬರೆದ ಆದೇಶಗಳನ್ನು ಬದಲಿಸಿದರೆ ಸಾಕಾಯಿತು. ಆ ಆದೇಶಗಳ ಚಿತ್ರ ಏಣಿಯ ಮೆಟ್ಟಿಲುಗಳಂತೆ ಕಾಣುವುದರಿಂದ ಅದಕ್ಕೆ ಲ್ಯಾಡರ್ ಚಿತ್ರ ಎಂದೇ ಹೆಸರು. ಪಿ.ಎಲ್.ಸಿ. ಆ ಏಣಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ, ಓದಿ ಮುಗಿಸಿ ಮತ್ತೆ ಮೇಲಿನಿಂದ ಓದುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಬಾರಿ ಹೀಗೆ ಓದಿ ಮುಗಿಸಿರುತ್ತದೆ.

"ಇಷ್ಟೆಲ್ಲ ಇದೆ ಸಾರ್. ಆದ್ರೂ ಮೂರು ದಿನ ಕೆಂಪು ಗುಂಡಿ ಬಗ್ಗೇನೇ ಯಾಕೆ ಹೇಳಿದ್ರು ಅಂತ ಈಗ ಗೊತ್ತಾಯ್ತು," ಎಂದ. ಅವನು ವಿವರಿಸಿದ್ದನ್ನು ನೀವೂ ಮಾಡಿ ನೋಡಬಹುದು.

ಮಾಡಿ ನೋಡಿ: ಯಾವ ಗುಂಡಿ ಒಳ್ಳೆಯದು?

ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬ್, ತಂತಿ, ಎರಡು ತಗಡಿನ ಪಟ್ಟಿ ತೆಗೆದುಕೊಳ್ಳಿ. ಮನೆಯ ವಿದ್ಯುತ್ ಸಂಪರ್ಕವನ್ನು ಯಾವ ಕಾರಣಕ್ಕೂ ಬಳಸಬೇಡಿ.

ಮೊದಲು, ಪಟ್ಟಿಗಳನ್ನು ಒತ್ತಿದಾಗ ಮಾತ್ರ ಅವು ಒಂದಕ್ಕೊಂದು ತಾಗಿ ಬಲ್ಬ್ ಉರಿಯುವಂತೆ ಜೋಡಿಸಿ. ಬಲ್ಬ್ ಉರಿದರೆ 'ಯಂತ್ರವನ್ನು ನಿಲ್ಲಿಸು' ಎಂಬ ಸಂದೇಶ ಹೋಯಿತು ಎಂದು ತಿಳಿಯೋಣ. ಈಗ ಒಂದು ತಂತಿಯನ್ನು ಗೊತ್ತಾಗದಂತೆ ಬಿಚ್ಚಿ, ಗೆಳೆಯನಿಗೆ ಗುಂಡಿ ಒತ್ತಲು ಹೇಳಿ. ಬಲ್ಬ್ ಉರಿಯುವುದಿಲ್ಲ. ಅಂದರೆ ಅಪಾಯದ ಹೊತ್ತಿನಲ್ಲಿ ಗುಂಡಿ ಒತ್ತಿದರೂ ಯಂತ್ರ ನಿಲ್ಲುವುದಿಲ್ಲ. ತಂತಿ ತುಂಡಾಗಿದೆ ಎಂಬುದೂ ಅಲ್ಲಿಯವರೆಗೆ ಯಾರಿಗೂ ತಿಳಿದಿರುವುದಿಲ್ಲ.

ಎರಡನೆಯದಾಗಿ, ಪಟ್ಟಿಗಳು ಸದಾ ತಾಗಿದ್ದು ಬಲ್ಬ್ ಉರಿಯುತ್ತಲೇ ಇರುವಂತೆ, ಒತ್ತಿದಾಗ ಅವು ಬೇರೆಯಾಗಿ ಆರುವಂತೆ ಜೋಡಿಸಿ. ಬಲ್ಬ್ ಉರಿಯುತ್ತಿರುವವರೆಗೆ ಮಾತ್ರ ಯಂತ್ರಕ್ಕೆ ಓಡಲು ಅನುಮತಿ. ಈಗ ತಂತಿ ಬಿಚ್ಚಿ. ಗುಂಡಿ ಒತ್ತದಿದ್ದರೂ ಬಲ್ಬ್ ಆರಿತು, ಯಂತ್ರ ನಿಂತಿತು! ಕೆಲಸ ಕೆಟ್ಟಿತು ನಿಜ. ಆದರೆ ಯಾರಿಗೂ ಪೆಟ್ಟಾಗಲಿಲ್ಲ, ದೋಷವೂ ಕೂಡಲೇ ಗೊತ್ತಾಯಿತು.

ಕಾರ್ಖಾನೆಗಳ ಕೆಂಪು ಗುಂಡಿಯನ್ನು ಜೋಡಿಸುವುದು ಎರಡನೆಯ ರೀತಿಯಲ್ಲಿ. ಕೆಟ್ಟರೂ ಸುರಕ್ಷಿತವಾಗಿ ಕೆಡಬೇಕು ಎಂಬುದು ಇದರ ಹಿಂದಿನ ತತ್ವ. ಪಾಂಡವಪುರ ನಿಲ್ದಾಣದ ಮೂಲಕ ಹಾದುಹೋಗುವ ರೈಲುಗಾಡಿಯ ಬ್ರೇಕಿನಲ್ಲೂ ಇದೇ ತತ್ವವಿದೆ. ಬ್ರೇಕ್ ಕೊಳವೆಯಲ್ಲಿ ಒತ್ತಡದ ಗಾಳಿ ಇರುವವರೆಗೆ ಬ್ರೇಕ್ ಬಿಟ್ಟುಕೊಂಡಿರುತ್ತದೆ. ಕೊಳವೆ ಒಡೆದರೆ ಅಥವಾ ಬೋಗಿಗಳು ಕಳಚಿಕೊಂಡರೆ ಗಾಳಿ ಸೋರಿ ಬ್ರೇಕ್ ತಾನಾಗಿ ಬೀಳುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಇದನ್ನು ರೂಪಿಸಿದ.

ಮುರಿದ ಪೆನ್ಸಿಲ್

ಮೂರನೆಯ ವಾರ ರಾತ್ರಿ ಹತ್ತರ ನಂತರ ಫೋನ್ ಬಂತು. ದನಿ ಕುಗ್ಗಿತ್ತು.

"ಸಾರ್, ನಾನು ವಾಪಸ್ ಬಂದ್‌ಬಿಡ್ತೀನಿ. ಈ ಕೆಲಸ ನನ್ನ ಕೈಲಾಗಲ್ಲ."

ನಡೆದದ್ದು ಇಷ್ಟು. ಕಲಿಯುವವರಿಗೆಂದೇ ಇಟ್ಟಿದ್ದ ಒಂದು ಚಿಕ್ಕ ಪ್ರೆಸ್ಸಿಗೆ ಅವನು ಪಿ.ಎಲ್.ಸಿ. ಆದೇಶಗಳನ್ನು ಬರೆಯಬೇಕಿತ್ತು. ಪ್ರೆಸ್ ಎಂದರೆ ಮೇಲಿನಿಂದ ಇಳಿದು ಬಿಡಿಭಾಗವನ್ನು ಒತ್ತಿ ಕೂರಿಸುವ ಯಂತ್ರ. ಅದನ್ನು ಇಳಿಸಲು ಎರಡು ಗುಂಡಿಗಳಿರುತ್ತವೆ, ಒಂದಕ್ಕೊಂದು ದೂರದಲ್ಲಿ. ಎರಡನ್ನೂ ಒತ್ತಬೇಕಾದರೆ ಎರಡು ಕೈಗಳೂ ಬೇಕು. ಎರಡು ಕೈಗಳೂ ಗುಂಡಿಯ ಮೇಲಿದ್ದರೆ ಪ್ರೆಸ್ಸಿನ ಕೆಳಗೆ ಕೈ ಇರಲು ಸಾಧ್ಯವೇ ಇಲ್ಲ. ಎಷ್ಟು ಸರಳವಾದ ಉಪಾಯ ನೋಡಿ!

ಅವನು ಬರೆದ ಆದೇಶ: "ಎರಡೂ ಗುಂಡಿ ಒತ್ತಿದ್ದರೆ ಪ್ರೆಸ್ ಇಳಿಯಲಿ." ಸರಿಯಾಗಿಯೇ ಇದೆ ಎನಿಸುತ್ತದೆ, ಅಲ್ಲವೇ? ಅಲ್ಲಿನ ಹಿರಿಯ ತಂತ್ರಜ್ಞರೊಬ್ಬರು ಬಂದು ಏನೂ ಮಾತಾಡದೆ ಒಂದು ಗುಂಡಿಯನ್ನು ಒತ್ತಿ ಅದರ ಮೇಲೆ ಅಂಟುಪಟ್ಟಿ ಸುತ್ತಿದರು. ಬಲಗೈಯಲ್ಲಿ ಒಂದು ಪೆನ್ಸಿಲನ್ನು ಪ್ರೆಸ್ಸಿನ ಕೆಳಗೆ ಹಿಡಿದು, ಎಡಗೈಯಿಂದ ಎರಡನೆಯ ಗುಂಡಿ ಒತ್ತಿದರು. ಪೆನ್ಸಿಲ್ ಪಟ್ಟನೆ ಮುರಿಯಿತು.

"ಕೆಲಸದ ಅವಸರ ಇದ್ದಾಗ ಯಾರಾದರೂ ಹೀಗೆ ಮಾಡಿಯೇ ಮಾಡುತ್ತಾರೆ. ನಿನ್ನ ಯಂತ್ರಕ್ಕೆ ಅದು ಗೊತ್ತಾಗಬೇಕಿತ್ತು," ಎಂದರಂತೆ.

ಸರಿಯಾದ ಆದೇಶ ಹೀಗಿರಬೇಕು: ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೇ ಒತ್ತಿರಬೇಕು, ಪ್ರತಿ ಸಲವೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಆಗ ಒಂದಕ್ಕೆ ಪಟ್ಟಿ ಸುತ್ತಿದರೆ ಪ್ರೆಸ್ ಅಲುಗಾಡುವುದಿಲ್ಲ. ನಿಜವಾದ ಯಂತ್ರಗಳಲ್ಲಿ ಈ ಕೆಲಸಕ್ಕೆಂದೇ ಬೇರೆ ಸುರಕ್ಷತಾ ರಿಲೇ ಇರುತ್ತದೆ.

ಹುಡುಗನನ್ನು ಅಲ್ಲಾಡಿಸಿದ್ದು ಆ ತಪ್ಪಲ್ಲ, ಪೆನ್ಸಿಲ್ ಮುರಿದ ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ನಂತರ ಕೇಳಿದ: "ಸಾರ್, ಇಲ್ಲಿ ಅಪಘಾತ ಆದ್ರೆ ಯಾರು ಮೈಮರೆತ್ರು ಅಂತ ಮೊದಲು ಕೇಳಲ್ಲ. ಮಿಷನ್ ಯಾಕೆ ತಡೀಲಿಲ್ಲ ಅಂತ ಕೇಳ್ತಾರೆ. ನಮ್ಮಪ್ಪನ್ನ ಯಾರೂ ಹಂಗೆ ಕೇಳ್ಲೇ ಇಲ್ವಲ್ಲ?"

ಆ ಪ್ರಶ್ನೆ ಯಾರಿಗೆ ಎಂದು ನನಗೆ ಗೊತ್ತಿತ್ತು. ಹತ್ತು ವರ್ಷದ ಹಿಂದಿನ ಕಪ್ಪು ಹಲಗೆ ಕಣ್ಣ ಮುಂದೆ ಬಂತು. "ನಾನು ಅವತ್ತು ಬರೆದದ್ದು ತಪ್ಪಪ್ಪ. ನೀನು ಅಲ್ಲೇ ಇದ್ದು ಪೂರ್ತಿ ಕಲಿತುಕೊಂಡು ಬಾ," ಎಂದೆ. ಅವನು ಹೂಂಗುಟ್ಟಿದ. ಇಂಟರ್ನ್‌ಶಿಪ್ ಬಿಡಲಿಲ್ಲ.

ಒಂದು ಮೊಳದ ಲೆಕ್ಕ

ಆ ರಾತ್ರಿ ನಾನೊಂದು ಲೆಕ್ಕ ಮಾಡಿದೆ. ಹತ್ತು ವರ್ಷ ಮೊದಲೇ ಮಾಡಬೇಕಿದ್ದ ಲೆಕ್ಕ ಅದು.

ಗಾಣದ ಉರುಳೆಯ ವ್ಯಾಸ 25 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಅದರ ಸುತ್ತಳತೆ 25 × 3.14, ಅಂದರೆ 78.5 ಸೆಂ.ಮೀ. ಉರುಳೆ ನಿಮಿಷಕ್ಕೆ 12 ಸುತ್ತು ಸುತ್ತಿದರೆ ನಿಮಿಷಕ್ಕೆ 942 ಸೆಂ.ಮೀ. ಕಬ್ಬನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 16 ಸೆಂ.ಮೀ. ನೋಡಲು ನಿಧಾನವಾಗಿಯೇ ತಿರುಗುತ್ತಿದೆ ಎನಿಸುತ್ತದೆ.

ಈಗ ಮನುಷ್ಯ ಎಷ್ಟು ಬೇಗ ಪ್ರತಿಕ್ರಿಯಿಸಬಲ್ಲ? ಇದನ್ನು ತರಗತಿಯಲ್ಲೇ ಅಳೆಯಬಹುದು. ಗೆಳೆಯನು ಒಂದು 30 ಸೆಂ.ಮೀ. ಸ್ಕೇಲನ್ನು ತುದಿಯಲ್ಲಿ ಹಿಡಿದು ತೂಗುಬಿಡಲಿ. ನೀವು ಸೊನ್ನೆಯ ಗುರುತಿನ ಬಳಿ ಹೆಬ್ಬೆರಳು, ತೋರುಬೆರಳುಗಳನ್ನು ತಾಗಿಸದೆ ಅಗಲಿಸಿಟ್ಟುಕೊಳ್ಳಿ. ಅವನು ಹೇಳದೆ ಸ್ಕೇಲ್ ಬಿಟ್ಟಾಗ ಹಿಡಿಯಿರಿ. 10 ಸೆಂ.ಮೀ. ಬಿದ್ದ ಮೇಲೆ ಹಿಡಿದರೆ ನಿಮಗೆ ಹಿಡಿದ ಸಮಯ 0.14 ಸೆಕೆಂಡ್, 20 ಸೆಂ.ಮೀ. ಆದರೆ 0.20 ಸೆಕೆಂಡ್, 30 ಸೆಂ.ಮೀ. ಆದರೆ 0.25 ಸೆಕೆಂಡ್. ಹೆಚ್ಚಿನವರದು 0.20ರ ಆಸುಪಾಸು ಬರುತ್ತದೆ. ಗುರುತ್ವದಿಂದ ಬೀಳುವ ವಸ್ತುವಿನ ನಿಯಮವನ್ನು ಬಳಸಿ ಈ ಅಂಕಿಗಳನ್ನು ಪಡೆಯಲಾಗಿದೆ.

ಇದು ಕಣ್ಣು ನೆಟ್ಟು, ಬೇರೇನೂ ಯೋಚಿಸದೆ ಕಾಯುತ್ತಿದ್ದವರ ಲೆಕ್ಕ. ಆ 0.20 ಸೆಕೆಂಡಿನಲ್ಲೇ ಉರುಳೆ 3 ಸೆಂ.ಮೀ. ಎಳೆದುಕೊಂಡಿರುತ್ತದೆ. ಸಿಕ್ಕಿಬಿದ್ದವನು ಕೂಗಿ, ದೂರದಲ್ಲಿದ್ದವನು ಓಡಿಬಂದು ಮೋಟಾರ್ ನಿಲ್ಲಿಸಲು 3 ಸೆಕೆಂಡ್ ಸಾಕು ಎಂದುಕೊಂಡರೂ 47 ಸೆಂ.ಮೀ. ಒಳಗೆ ಹೋಗಿರುತ್ತದೆ. ಬೆರಳ ತುದಿಯಿಂದ ಮೊಣಕೈವರೆಗೆ, ಅಂದರೆ ಹೆಚ್ಚು ಕಡಿಮೆ ಒಂದು ಮೊಳ! ಅವನ ತಂದೆ ಕೈಯನ್ನು ಹೇಗೋ ಕಿತ್ತುಕೊಂಡಿದ್ದರಿಂದ ಎರಡು ಬೆರಳಿಗೇ ಮುಗಿಯಿತು.

ಇಡೀ ರಾತ್ರಿ ಕಬ್ಬು ಕೊಡುವವರು ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಈ ಲೆಕ್ಕವನ್ನು ಗೆಲ್ಲಲು ಸಾಧ್ಯವೇ? ಎಚ್ಚರ ಬೇಕು, ನಿಜ. ಆದರೆ ಮನುಷ್ಯನ ಎಚ್ಚರಕ್ಕೆ ಒಂದು ಮಿತಿಯಿದೆ. ಆ ಮಿತಿ ತಿಳಿದೂ ಉರುಳೆಯ ಬಾಯಿಯನ್ನು ತೆರೆದಿಟ್ಟಿದ್ದರೆ ತಪ್ಪು ನಿದ್ದೆಯದಲ್ಲ. ಒಕ್ಕಣೆ ಯಂತ್ರಗಳಿಗೆ ಕೈ ಕೊಟ್ಟು ದೇಶದಲ್ಲಿ ಅನೇಕ ರೈತರು, ಕೂಲಿಗಳು ಅಂಗವಿಕಲರಾದ ಮೇಲೆ 1983ರಲ್ಲಿ ನಮ್ಮ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಮಾಡಿತು. ಎಚ್ಚರಿಕೆಯ ಮಾತಷ್ಟೇ ಸಾಲದು, ಯಂತ್ರವೇ ಬದಲಾಗಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ತಂದೆ ಹೇಳಿದ ವಿಷಯ

ಇಂಟರ್ನ್‌ಶಿಪ್ ಮುಗಿಸಿ ಬಂದ ಹುಡುಗ ಆಲೆಮನೆಯ ಗಾಣಕ್ಕೆ ಏನಾದರೂ ಮಾಡಬೇಕು ಎಂದು ಕುಳಿತ. ಬೆಳಕಿನ ಸೆನ್ಸರ್, ಪಿ.ಎಲ್.ಸಿ. ಎಂದೆಲ್ಲ ಚಿತ್ರ ಬರೆದ. ತಂದೆಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಕಬ್ಬಿನ ಧೂಳು, ಹೊಗೆ, ಅಂಟು ಹಾಲು. ಇದರ ನಡುವೆ ನಿನ್ನ ಕಣ್ಣು ಎಷ್ಟು ದಿನ ಇರ್ತದಪ್ಪ?"

ಆಮೇಲೆ ಅವರು ಹೇಳಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಉದ್ದನೆಯ ಕಬ್ಬನ್ನು ಕೊಡುವಾಗ ಕೈ ಹೋಗುವುದಿಲ್ಲವಂತೆ. ಕೈ ಹೋಗುವುದು ಮೋಟು ತುಂಡುಗಳನ್ನು ತಳ್ಳುವಾಗ. ತುಂಡು ಚಿಕ್ಕದಾದಷ್ಟೂ ಕೈ ಉರುಳೆಯ ಹತ್ತಿರ ಹೋಗುತ್ತದೆ.

ಅಲ್ಲಿಗೆ ಚಿತ್ರವೇ ಬದಲಾಯಿತು. ಉರುಳೆಯ ಮುಂದೆ ಒಂದು ಉದ್ದನೆಯ, ಮೇಲೆ ಮುಚ್ಚಿದ ತಗಡಿನ ದೋಣಿ. ಕೈಯನ್ನು ಪೂರ್ತಿ ಚಾಚಿದರೂ ಉರುಳೆ ಸಿಗದಷ್ಟು ಉದ್ದ. ಮೋಟು ತುಂಡುಗಳನ್ನು ದೋಣಿಗೆ ಹಾಕಿದರೆ ಸಾಕು, ಹಿಂದಿನಿಂದ ಬರುವ ಉದ್ದನೆಯ ಕಬ್ಬೇ ಅವುಗಳನ್ನು ಒಳಗೆ ತಳ್ಳುತ್ತದೆ. ಜೊತೆಗೆ ಕಬ್ಬು ಕೊಡುವವರ ತಲೆಯ ಮೇಲೆ ಅಡ್ಡಲಾಗಿ ಒಂದು ಹಗ್ಗ. ಎಳೆದರೂ ಸರಿ, ಹಗ್ಗವೇ ತುಂಡಾದರೂ ಸರಿ, ಮೋಟಾರಿನ ವಿದ್ಯುತ್ ಕಡಿದುಹೋಗುವಂಥ ಸ್ವಿಚ್. ಅದನ್ನು ಅನುಭವಸ್ಥ ಎಲೆಕ್ಟ್ರಿಷಿಯನ್ ಒಬ್ಬರ ಕೈಯಲ್ಲಿ ಹಾಕಿಸಿದ. ವಿದ್ಯುತ್ ಹೋದರೂ ಜಡತ್ವದಿಂದಾಗಿ ಉರುಳೆ ಸ್ವಲ್ಪ ದೂರ ತಿರುಗುತ್ತದೆ. ಆದ್ದರಿಂದ ದೋಣಿ ಮೊದಲು, ಹಗ್ಗ ಆಮೇಲೆ.

ಅವನ ತಂದೆಗೆ ಪರಿಚಯವಿದ್ದ ಒಂದು ಆಲೆಮನೆಯವರು ಒಪ್ಪಿದರು. ಮೊದಲ ದಿನವೇ ಕಬ್ಬಿನ ಸೋಗೆ ಸಿಕ್ಕಿಕೊಂಡು ಹಗ್ಗ ನಾಲ್ಕು ಸಲ ಎಳೆಯಿತು, ಗಾಣ ನಾಲ್ಕು ಸಲ ನಿಂತಿತು. ಯಜಮಾನರು ಬೇಸತ್ತು ಹಗ್ಗವನ್ನು ಬಿಚ್ಚಿ ಸುತ್ತಿ ಮೂಲೆಗಿಟ್ಟರು. ಹುಡುಗ ಜಗಳವಾಡಲಿಲ್ಲ. ಪೀಣ್ಯದಲ್ಲಿ ಅಂಟುಪಟ್ಟಿಯ ಪಾಠ ಕಲಿತಿದ್ದನಲ್ಲ! ಕೆಲಸಕ್ಕೆ ಅಡ್ಡಬರುವ ಸುರಕ್ಷತೆಯನ್ನು ಜನ ಕಿತ್ತಿಡುತ್ತಾರೆ, ಅದು ಜನರ ತಪ್ಪಲ್ಲ ಎಂದು ಅವನಿಗೆ ಗೊತ್ತಿತ್ತು. ತಂದೆಯನ್ನೇ ನಿಲ್ಲಿಸಿ, ಅವರ ಕೈ ಸುಲಭವಾಗಿ ಎಟುಕುವಂತೆ, ಸೋಗೆ ಎಟುಕದಂತೆ ಹಗ್ಗವನ್ನು ಜರುಗಿಸಿದ. ನಂತರ ಅದನ್ನು ಯಾರೂ ಬಿಚ್ಚಿಲ್ಲ. ಅಕ್ಕಪಕ್ಕದ ಆಲೆಮನೆಗಳವರು ಬಂದು ನೋಡಿಕೊಂಡು ಹೋಗಿದ್ದಾರೆ. ಹಾಕಿಸಿಕೊಂಡವರು ಇನ್ನೂ ಇಲ್ಲ.

ಮಕ್ಕಳೇ, ನಿಮ್ಮ ಊರಿನಲ್ಲೂ ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರ, ಕಬ್ಬಿನ ಹಾಲಿನ ಅಂಗಡಿ ಇರಬಹುದು. ದೊಡ್ಡವರ ಜೊತೆಯಲ್ಲಿ ಹೋಗಿ, ದೂರವೇ ನಿಂತು, ಯಾವುದನ್ನೂ ಮುಟ್ಟದೆ ನೋಡಿ. ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ: ಕೈ ಅಪಾಯದ ಜಾಗವನ್ನು ತಲುಪದಂತೆ ಇಲ್ಲಿ ಏನಿದೆ? ಯಂತ್ರವನ್ನು ನಿಲ್ಲಿಸುವ ಗುಂಡಿ ಕೆಲಸ ಮಾಡುವವರ ಕೈಗೆ ಎಟುಕುತ್ತದೆಯೇ? ಕೆಲಸ ಮಾಡುವವರು ಯಾವ ಹೊತ್ತಿನಲ್ಲಿ ಭಯವಾಗುತ್ತದೆ ಎನ್ನುತ್ತಾರೆ? ಮೂರನೆಯದನ್ನು ಕೇಳಲು ಮರೆಯಬೇಡಿ.

ಈಗ ನಾನು ಶಾಲೆಗಳಿಗೆ ಹೋದಾಗ ಪ್ರಯೋಗ ಪೆಟ್ಟಿಗೆಯಲ್ಲಿ ಸ್ಕೇಲ್, ಸೆಲ್, ಬಲ್ಬುಗಳ ಜೊತೆ ಎರಡು ತುಂಡಾದ ಒಂದು ಪೆನ್ಸಿಲ್ ಕೂಡ ಇರುತ್ತದೆ. ಅವನು ಪೀಣ್ಯದಿಂದ ತಂದುಕೊಟ್ಟದ್ದು. ಹಳೆಯ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆಯುವುದನ್ನು ಬಿಟ್ಟಿದ್ದೇನೆ. ಅದರ ಬದಲು ಒಂದು ಪ್ರಶ್ನೆ ಬರೆಯುತ್ತೇನೆ: "ಯಂತ್ರ ಏಕೆ ತಡೆಯಲಿಲ್ಲ?"